ಹತ್ತೊಂಬತ್ತು

ಅವಳ ಮುಖ ನಾನು ನೋಡಿಲ್ಲ.
ನೆಲಮಾಳಿಗೆಯ ಈ ಲ್ಯಾಬಿಗೆ ಮುಖಗಳು ಇಳಿದು ಬರುವುದಿಲ್ಲ.
ಗೋಡೆಯೊಳಗಿನ ಕೊಳವೆಯಲ್ಲಿ ಬುಸ್ಸೆಂದು
ಡಬ್ಬಿಯೊಂದು ಬಂದು ಬೀಳುತ್ತದೆ, ಡಬ್ಬಿಯಲ್ಲಿ ಸೀಸೆ,
ಸೀಸೆಯ ಮೈಮೇಲೆ ಹೆಸರು, ವಯಸ್ಸು, ಸೂಜಿ ಚುಚ್ಚಿದ ಗಳಿಗೆ:
ಸೆಂಗಾ ಪೆಟ್ರಿ. ಐವತ್ತೆಂಟು. ರಾತ್ರಿ ಹನ್ನೊಂದೂ ನಲವತ್ತು.

ಸೆಂಗಾ! ಡಂಡೀ ಊರಿನ ಅಜ್ಜಿಯರಿಗೆ ಗೊತ್ತು ಈ ಹೆಸರಿನ ಕೀಟಲೆ:
ಆಗ್ನೆಸ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು
ಬಾಲದಿಂದ ತಲೆಗೆ ಓದಿಕೊಂಡರೆ ಸೆಂಗಾ.
ನಾನೂ ಸೀಸೆಯನ್ನು ಒಮ್ಮೆ ತಲೆಕೆಳಗು ಮಾಡಿದೆ,
ಕುಲುಕದೆ, ನಿದ್ದೆಯ ಕೂಸನ್ನು ಮಗ್ಗುಲಾಗಿಸುವ ಹಾಗೆ.
ಹೆಪ್ಪುಗಟ್ಟಿಲ್ಲ. ಸರಿ.

ಜೊತೆಗೆ ಬಂದ ಚೀಟಿಯಲ್ಲಿ ಅವಸರದ ಗೀಚು:
ಶಾಲೆಯ ಅಡುಗೆಯವಳು. ದವಡೆ ನೋವು. ಬೆನ್ನು. ತಣ್ಣನೆ ಬೆವರು.
ಮಟನ್ ಪೈ ತಿಂದದ್ದು ಹೆಚ್ಚಾಯಿತು, ಅಷ್ಟೇ ಎನ್ನುತ್ತಾಳೆ.
ಇಸಿಜಿಯಲ್ಲಿ ಏನೂ ಇಲ್ಲ.

ಗಟ್ಟಿ ಗುಂಡಿಗೆ ಎನ್ನುತ್ತೇವೆ, ಹೊಗಳಿಕೆಯೆಂದು.
ಗಟ್ಟಿ ಗುಂಡಿಗೆಯದೇ ತೊಂದರೆ.
ತನ್ನ ನೋವನ್ನು ದವಡೆಯ ಕೈಲಿ ಹೇಳಿಸುತ್ತದೆ, ಬೆನ್ನಿನ ಕೈಲಿ ಹೇಳಿಸುತ್ತದೆ,
ತಾನು ಮಾತ್ರ ಡವ್ ಡವ್, ಏನೂ ಆಗಿಲ್ಲವೆಂಬಂತೆ.
ರಕ್ತ ಹಾಗಲ್ಲ, ಅದಕ್ಕೆ ಗುಟ್ಟು ನಿಲ್ಲದು.
ಸ್ನಾಯುವಿನ ಒಂದೆಳೆ ಉಸಿರುಕಟ್ಟಿ ಸತ್ತರೂ ಸಾಕು,
ಒಳಗಿನ ಟ್ರೋಪೊನಿನ್ ಜಿನುಗಿ ಹೊರಬೀಳುತ್ತದೆ.
ಲೋಕಕ್ಕೆಲ್ಲ ಗೋಣಿ ನೇಯ್ದ ಊರಿನವಳು ನಾನು;
ಚೀಲ ಎಲ್ಲಿ ಹೊಲಿಗೆ ಬಿಟ್ಟಿದೆಯೆಂದು
ನೆಲದ ಮೇಲಿನ ಹಿಟ್ಟಿನ ಗೆರೆ ನೋಡಿಯೇ ಹೇಳುತ್ತಿದ್ದರಂತೆ ನಮ್ಮಜ್ಜಿ.

ಮೊದಲ ಅಂಕಿ: ಒಂಬತ್ತು.
ಒಂಬತ್ತು ಏನನ್ನೂ ಹೇಳುವುದಿಲ್ಲ. ಮೂರು ಗಂಟೆ ಬಿಟ್ಟು
ಇನ್ನೊಂದು ಸೀಸೆ ಕಳಿಸಿ ಎಂದೆ.

ಮೂರು ಗಂಟೆ.
ಟೇ ನದಿಯಿಂದ ಮಂಜು ಎದ್ದು ಪಾರ್ಕಿಂಗಿನ ದೀಪಗಳನ್ನು ನುಂಗಿತು.
ಡೂಗಲ್ ಓಟ್ಸ್ ಬಿಸ್ಕತ್ತಿಗೆ ಚೀಸ್ ಹಚ್ಚಿಕೊಂಡು ತಿಂದ,
ಪುಡಿಯನ್ನು ಕೀಬೋರ್ಡಿನ ಮೇಲೆಯೇ ಉದುರಿಸಿದ, ಬೈಸಿಕೊಂಡ.
ಸೇತುವೆಯ ಮೇಲೆ ಗೂಡ್ಸ್ ಗಾಡಿ ಹೋಯಿತು.

ಎರಡೂ ಐವತ್ತಕ್ಕೆ ಬುಸ್ಸೆಂದು ಬಿತ್ತು ಎರಡನೆಯದು.
ಹತ್ತೊಂಬತ್ತು.

ಲೀಟರಿಗೆ ಹತ್ತೊಂಬತ್ತು ನ್ಯಾನೋಗ್ರಾಂ.
ಸಾಸಿವೆಯಷ್ಟು ಎನ್ನಲೂ ಬಾರದು,
ಸಾಸಿವೆ ಇದರ ಮುಂದೆ ಬೆಟ್ಟ.

ಹಿಂದೆ ನಮ್ಮಲ್ಲಿ ಎಲ್ಲರಿಗೂ ಒಂದೇ ಗೆರೆ,
ಗಂಡಸಿನ ಎದೆಗೆ ಅಳತೆ ಹಿಡಿದು
ಹೆಂಗಸಿಗೂ ತೊಡಿಸಿದ ಅಂಗಿಯ ಹಾಗೆ.
ಹತ್ತೊಂಬತ್ತು ಆ ಗೆರೆಯ ಕೆಳಗೇ ಉಳಿಯುತ್ತಿತ್ತು.
ಇದೇ ಕುರ್ಚಿಯಲ್ಲಿ, ಇದೇ ಬೆರಳಲ್ಲಿ
‘ಸಹಜ’ ಎಂದು ಒತ್ತುತ್ತಿದ್ದೆ. ಒತ್ತಿ, ಚಹಾಕ್ಕೆ ಎದ್ದು ಹೋಗುತ್ತಿದ್ದೆ.
ಎಷ್ಟು ಮಂದಿಗೆ? ಲೆಕ್ಕ ಕಂಪ್ಯೂಟರಿನಲ್ಲಿದೆ.
ತೆಗೆದು ನೋಡುವ ಗುಂಡಿಗೆ
ನನಗಿನ್ನೂ ಬಂದಿಲ್ಲ.

ಈಗ ಹೆಂಗಸರ ಗೆರೆ ಹದಿನಾರು.
ಅಂಕಿ ಕೆಂಪಾಗಿ ನಿಂತಿದೆ.

ಫೋನ್ ಮಾಡಿದೆ. ನರ್ಸ್ ಕಟ್ರೀನಾ ಎತ್ತಿದಳು.
‘ಯಾರು, ಸೆಂಗಾನಾ? ಈಗ ತಾನೇ ಶೂ ಹಾಕಿಕೊಳ್ಳುತ್ತಿದ್ದಾಳೆ.
ಟ್ಯಾಕ್ಸಿಗೂ ಹೇಳಿಯಾಗಿದೆ. ಬೆಳಗ್ಗೆ ನೂರಿಪ್ಪತ್ತು ಮಕ್ಕಳಿಗೆ
ಗಂಜಿ ಕಾಯಿಸಬೇಕಂತೆ, ಗಂಟು ಹಿಡಿಯುತ್ತೆ, ಬೇರೆಯವರ ಕೈಲಿ ಆಗಲ್ಲ ಅಂತಾಳೆ.’

ಶೂ ಬಿಚ್ಚಿಸು, ಎಂದೆ.

ಆ ಕಡೆಯಿಂದ ಒಂದು ಕ್ಷಣ ಉತ್ತರವಿಲ್ಲ.
ಫೋನು ಮೇಜಿನ ಮೇಲೆ ಕುಕ್ಕಿದ ಸದ್ದು,
ಓಡುವ ಹೆಜ್ಜೆ, ದೂರದಲ್ಲಿ
ಹೆಂಗಸೊಬ್ಬಳ ಜೋರು ದನಿ, ಜಗಳಕ್ಕೆ ನಿಂತದ್ದು.
ಮೊದಲ ಸಲ ಕೇಳಿದೆ ಅವಳನ್ನು.

ಎರಡೂ ಸೀಸೆಗಳಲ್ಲಿ ಉಳಿದದ್ದು ಚಮಚದಷ್ಟು ರಕ್ತ.
ಎಸೆಯುವಂತಿಲ್ಲ, ನಿಯಮ.
ಫ್ರಿಜ್ಜಿನ ಮೂರನೆಯ ಸಾಲಿನಲ್ಲಿ ಅಕ್ಕಪಕ್ಕ ನಿಲ್ಲಿಸಿದೆ,
ಒಂಬತ್ತು, ಹತ್ತೊಂಬತ್ತು.
ಬಾಗಿಲು ಹಾಕುವ ಮುನ್ನ, ಏಕೋ,
ಹೆಸರು ಎದುರಿಗೆ ಬರುವಂತೆ ತಿರುಗಿಸಿಟ್ಟೆ.